ಸತ್ತು ನೂರು ವರ್ಷವಾದ ಮೀನಿನ ಹೊಟ್ಟೆಯಲ್ಲಿ ಏನಿದೆ?

ಮ್ಯೂಸಿಯಂ ಅಂದ ತಕ್ಷಣ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂ. ಸ್ಕೂಲ್ ಟ್ರಿಪ್, ಬಟನ್ ಒತ್ತಿದ್ರೆ ತಿರುಗೋ ಮಾಡೆಲ್‌ಗಳು, ತಲೆ ಅಲ್ಲಾಡಿಸೋ ಡೈನೋಸಾರ್. ನಾನು ಇಲ್ಲಿ ಹೇಳೋಕೆ ಹೊರಟಿರೋದು ಮ್ಯೂಸಿಯಂಗಳ ಇನ್ನೊಂದು ಭಾಗದ ಬಗ್ಗೆ. ಅಲ್ಲಿಗೆ ಟಿಕೆಟ್ ಇಲ್ಲ, ಸಾಮಾನ್ಯವಾಗಿ ಜನರನ್ನ ಒಳಗೆ ಬಿಡೋದೂ ಇಲ್ಲ. ಸಾಲು ಸಾಲು ರ‍್ಯಾಕ್‌ಗಳು, ರ‍್ಯಾಕ್ ತುಂಬಾ ಗಾಜಿನ ಜಾಡಿಗಳು, ಜಾಡಿಯೊಳಗೆ ಆಲ್ಕೋಹಾಲ್, ಆಲ್ಕೋಹಾಲ್‌ನಲ್ಲಿ ಮುಳುಗಿದ ಮೀನು. ಬಣ್ಣ ಎಲ್ಲ ಹೋಗಿ ಕಂದು ತಿರುಗಿರುತ್ತೆ. ನೋಡೋಕೆ ಚೆನ್ನಾಗೇನೂ ಇರಲ್ಲ.

ಅಮೆರಿಕದ ಸಿಯಾಟಲ್‌ನಲ್ಲಿರುವ ಯೂನಿವರ್ಸಿಟಿ ಆಫ್ ವಾಷಿಂಗ್ಟನ್‌ನ ಬರ್ಕ್ ಮ್ಯೂಸಿಯಂಗೆ ಸೇರಿದ ಮೀನಿನ ಸಂಗ್ರಹದಲ್ಲಿ ಇಂಥ ಮಾದರಿಗಳು ಒಂದು ಕೋಟಿಗೂ ಹೆಚ್ಚಿವೆ. ಅದರಲ್ಲಿ ಬಹುಪಾಲು ಮೀನಿನ ಮೊಟ್ಟೆ ಮತ್ತು ಮರಿಗಳು. ಒಂದೇ ಜಾತಿಯ, ಒಂದೇ ಜಾಗದ ಮೀನನ್ನ ಮತ್ತೆ ಮತ್ತೆ ಹಿಡಿದು ಜಾಡಿಗೆ ಹಾಕಿಟ್ಟಿದ್ದಾರೆ. ಒಂದು ಸಾಕಾಗಲ್ವಾ? ಇದಕ್ಕೆಲ್ಲ ಜಾಗ, ಕರೆಂಟು, ಸಂಬಳ ಯಾಕೆ ಕೊಡ್ಬೇಕು? ಈ ಪ್ರಶ್ನೆ ನಮಗೆ ಮಾತ್ರ ಬರೋದಲ್ಲ. ದುಡ್ಡು ಕೊಡೋ ಯೂನಿವರ್ಸಿಟಿಗಳಿಗೂ ಆಗಾಗ ಬರುತ್ತೆ. ಬಂದಾಗ ಏನಾಗುತ್ತೆ ಅಂತ ಕೊನೆಯಲ್ಲಿ ಹೇಳ್ತೀನಿ. ಮೊದಲು ಜಾಡಿ ಹೇಗೆ ತಯಾರಾಗುತ್ತೆ ಅಂತ ನೋಡೋಣ, ಯಾಕಂದ್ರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ.

ಸತ್ತ ಮೀನನ್ನ ನೇರವಾಗಿ ಆಲ್ಕೋಹಾಲ್‌ಗೆ ಹಾಕಿದ್ರೆ ಅದು ಒಳಗಿಂದ ಕೊಳೆಯೋಕೆ ಶುರುವಾಗುತ್ತೆ. ಹಾಗಾಗಿ ಮೊದಲು ಫಾರ್ಮಾಲಿನ್. ಅಂಗಡಿಯಲ್ಲಿ ಸಿಗೋ ಫಾರ್ಮಾಲಿನ್‌ನಲ್ಲಿ ಸುಮಾರು 37% ಫಾರ್ಮಾಲ್ಡಿಹೈಡ್ ಇರುತ್ತೆ. ಒಂದು ಪಾಲು ಫಾರ್ಮಾಲಿನ್‌ಗೆ ಒಂಬತ್ತು ಪಾಲು ನೀರು ಸೇರಿಸಿ ಬಳಸ್ತಾರೆ. ಇದು ಪ್ರೋಟೀನ್ ಸರಪಳಿಗಳನ್ನ ಒಂದಕ್ಕೊಂದು ಕಟ್ಟಿಹಾಕುತ್ತೆ. ಪಾಲಿಮರ್ ಕೆಮಿಸ್ಟ್ರಿಯಲ್ಲಿ ಓದಿದ ಕ್ರಾಸ್‌ಲಿಂಕಿಂಗ್ ಇದೇ. ಕೊಳೆಸುವ ಎಂಜೈಮ್‌ಗಳೂ ಪ್ರೋಟೀನೇ ಆದ್ದರಿಂದ ಅವೂ ಇದ್ದಲ್ಲೇ ನಿಂತುಬಿಡುತ್ತವೆ. ದೊಡ್ಡ ಮೀನಾದ್ರೆ ಹೊಟ್ಟೆಯೊಳಕ್ಕೆ ಸಿರಿಂಜ್‌ನಲ್ಲಿ ಫಾರ್ಮಾಲಿನ್ ಚುಚ್ಚಬೇಕು, ಇಲ್ಲಾಂದ್ರೆ ಹೊರಗೆ ಗಟ್ಟಿ, ಒಳಗೆ ಕೊಳೆತ. ಫಾರ್ಮಾಲಿನ್ ಕಾಲಕ್ರಮೇಣ ಆಮ್ಲೀಯ ಆಗುತ್ತೆ, ಆಮ್ಲ ಮೂಳೆಯ ಕ್ಯಾಲ್ಸಿಯಂ ತಿನ್ನುತ್ತೆ. ಅದಕ್ಕೆ ಬಫರ್ ಸೇರಿಸ್ತಾರೆ. ಕೆಲವು ದಿನಗಳಾದ ಮೇಲೆ ನೀರಲ್ಲಿ ತೊಳೆದು, 70% ಎಥನಾಲ್‌ಗೆ ವರ್ಗಾಯಿಸ್ತಾರೆ. ಶುದ್ಧ ಎಥನಾಲ್ ಯಾಕಲ್ಲ ಅಂದ್ರೆ ಅದು ಮೈಯಲ್ಲಿರೋ ನೀರನ್ನೆಲ್ಲ ಎಳೆದು ಮೀನನ್ನ ಸುಕ್ಕಾಗಿಸಿ, ಮುರಿಯೋ ಹಾಗೆ ಮಾಡಿಬಿಡುತ್ತೆ. ತುಂಬಾ ತೆಳು ಮಾಡಿದ್ರೆ ಕೊಳೆಯುತ್ತೆ. ಉಪ್ಪಿನಕಾಯಿಗೆ ಉಪ್ಪು ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು ಅಂತಾರಲ್ಲ, ಅದೇ ಲೆಕ್ಕ.

ಆದ್ರೆ ಜಾಡಿಯಲ್ಲಿ ಅತಿ ಬೆಲೆಬಾಳುವ ವಸ್ತು ಮೀನಲ್ಲ, ಚೀಟಿ. ಯಾವ ನದಿ ಅಥವಾ ಸಮುದ್ರ, ಯಾವ ಜಾಗ, ಯಾವ ದಿನ, ಎಷ್ಟು ಆಳ, ಯಾರು ಹಿಡಿದರು. ಈ ಚೀಟಿಯನ್ನ ಜಾಡಿಯ ಹೊರಗೆ ಅಂಟಿಸಿ ಸುಮ್ಮನಾಗಲ್ಲ. ಅಂಟು ಒಣಗಿ ಬಿದ್ದುಹೋಗುತ್ತೆ. ಆಲ್ಕೋಹಾಲ್‌ಗೆ ಕರಗದ ಶಾಯಿಯಲ್ಲಿ ಬರೆದು, ಗಟ್ಟಿ ಕಾಗದವನ್ನ ಮೀನಿನ ಜೊತೆ ಒಳಗೇ ಮುಳುಗಿಸ್ತಾರೆ. ಚೀಟಿ ಕಳೆದುಹೋದ ಮೀನು ಬರೀ ಮೀನು. ಚೀಟಿ ಇರೋ ಮೀನು ಒಂದು ರೀಡಿಂಗ್. ಎಕ್ಸ್-ಅಕ್ಷದ ಮೇಲೆ ಅದಕ್ಕೊಂದು ಜಾಗ ಇದೆ.

ಈಗ 2023ಕ್ಕೆ ಬರೋಣ. ಯೂನಿವರ್ಸಿಟಿ ಆಫ್ ವಾಷಿಂಗ್ಟನ್‌ನ ಚೆಲ್ಸಿ ವುಡ್ ಅವರ ತಂಡ ಆ ವರ್ಷ ಒಂದು ಸಂಶೋಧನೆ ಪ್ರಕಟಿಸಿತು. ಸಿಯಾಟಲ್ ಪಕ್ಕದಲ್ಲೇ ಪ್ಯೂಜೆಟ್ ಸೌಂಡ್ ಅನ್ನೋ ಸಮುದ್ರದ ಒಳಚಾಚು ಇದೆ. 1880ರಿಂದ 2019ರವರೆಗೆ ಅಲ್ಲಿ ಹಿಡಿದಿಟ್ಟಿದ್ದ ಎಂಟು ಜಾತಿಯ 699 ಮೀನುಗಳನ್ನ ಜಾಡಿಯಿಂದ ತೆಗೆದು, ಹೊಟ್ಟೆ ಕೊಯ್ದು, ಒಳಗಿದ್ದ ಹುಳುಗಳನ್ನ ಎಣಿಸಿದರು. ಹೌದು, ಹುಳುಗಳನ್ನ, ಅಂದ್ರೆ ಪರಾವಲಂಬಿಗಳನ್ನ. ಮೀನಿನ ಕರುಳಲ್ಲಿ, ಲಿವರ್‌ನಲ್ಲಿ, ಕಿವಿರಿನಲ್ಲಿ ಬದುಕೋ ಲಾಡಿಹುಳು, ದುಂಡುಹುಳು ಇತ್ಯಾದಿ. ಮೀನು ಸತ್ತಾಗ ಅವೂ ಅಲ್ಲೇ ಸತ್ತು, ಅದೇ ಫಾರ್ಮಾಲಿನ್‌ನಲ್ಲಿ ಗಟ್ಟಿಯಾಗಿ ಕೂತಿದ್ವು. ಹಿಡಿದವರು ಮೀನನ್ನ ಉಳಿಸಿದ್ದರು, ಜೊತೆಗೆ ಹುಳುವನ್ನೂ ಉಳಿಸಿದ್ದು ಅವರಿಗೇ ಗೊತ್ತಿರಲಿಲ್ಲ. ಒಟ್ಟು ಸಿಕ್ಕಿದ್ದು 17,259 ಪರಾವಲಂಬಿಗಳು, 85 ಬಗೆಯವು. ಎಣಿಸಿದ ಮೇಲೆ ಮೀನನ್ನ ವಾಪಸ್ ಜಾಡಿಗೆ ಹಾಕಿದರು.

ಇಲ್ಲಿ ಒಬ್ಬ ಎಂಜಿನಿಯರ್ ಕೇಳಲೇಬೇಕಾದ ಪ್ರಶ್ನೆ ಇದೆ. ನೂರು ವರ್ಷ ಆಲ್ಕೋಹಾಲ್‌ನಲ್ಲಿ ಇದ್ದಾಗ ಹುಳುಗಳೇ ಕರಗಿಹೋಗಿದ್ರೆ? ಆಗ ಹಳೇ ಮೀನಿನಲ್ಲಿ ಕಡಿಮೆ ಹುಳು ಕಾಣುತ್ತೆ, ನಾವು "ಹುಳು ಹೆಚ್ಚಾಗಿದೆ" ಅಂತ ತಪ್ಪು ಗ್ರಾಫ್ ಎಳೀತೀವಿ. ಈ ತಂಡ ಅದನ್ನ ಮೊದಲೇ ಪರೀಕ್ಷೆ ಮಾಡಿತ್ತು. ತಾಜಾ ಮೀನಿನಲ್ಲಿ ಎಷ್ಟು ಹುಳು ಸಿಗುತ್ತೆ, ಅದೇ ಥರದ ಮೀನನ್ನ ಮ್ಯೂಸಿಯಂ ರೀತಿಯಲ್ಲೇ ಸಂರಕ್ಷಿಸಿದ ಮೇಲೆ ಎಷ್ಟು ಸಿಗುತ್ತೆ ಅಂತ ಹೋಲಿಸಿ, ವ್ಯತ್ಯಾಸ ಬಹಳ ಕಡಿಮೆ ಅಂತ 2020ರಲ್ಲೇ ಪ್ರಕಟಿಸಿದ್ದರು. ಮೊದಲು ಉಪಕರಣದ ಕ್ಯಾಲಿಬ್ರೇಶನ್, ಆಮೇಲೆ ರೀಡಿಂಗ್. ನನಗೆ ಇಡೀ ಕೆಲಸದಲ್ಲಿ ಹೆಚ್ಚು ಇಷ್ಟವಾಗಿದ್ದು ಈ ಭಾಗ, ಹುಳುಗಳಲ್ಲ.

ಫಲಿತಾಂಶ ಅರ್ಥವಾಗೋಕೆ ಒಂದು ವಿಷಯ ಗೊತ್ತಿರಬೇಕು. ಎಲ್ಲ ಪರಾವಲಂಬಿಗಳ ಜೀವನಚಕ್ರ ಒಂದೇ ಥರ ಇರಲ್ಲ. ಕೆಲವು ಹುಟ್ಟಿನಿಂದ ಸಾವಿನವರೆಗೆ ಒಂದೇ ಮೀನಿನ ಮೇಲೆ ಇರುತ್ತವೆ. ಇನ್ನು ಕೆಲವಕ್ಕೆ ಎರಡು, ಮೂರು ಆತಿಥೇಯ ಜೀವಿಗಳು ಬೇಕು. ಉದಾಹರಣೆಗೆ ಮೊದಲು ಬಸವನಹುಳು, ಆಮೇಲೆ ಮೀನು, ಕೊನೆಗೆ ಆ ಮೀನನ್ನ ತಿನ್ನೋ ಹಕ್ಕಿ. ಹಕ್ಕಿಯ ಹಿಕ್ಕೆಯಿಂದ ಮೊಟ್ಟೆ ಮತ್ತೆ ನೀರಿಗೆ. ಸೀರೀಸ್ ಸರ್ಕ್ಯೂಟ್ ನೆನಪು ಮಾಡ್ಕೊಳ್ಳಿ. ಯಾವುದೇ ಒಂದು ಕಡೆ ತಂತಿ ಕಡಿದ್ರೂ ಬಲ್ಬ್ ಆರಿಹೋಗುತ್ತೆ.

ಲೆಕ್ಕ ಹೇಳಿದ್ದೂ ಅದನ್ನೇ. ಒಂದು ಅಥವಾ ಎರಡು ಆತಿಥೇಯರು ಸಾಕಾಗೋ ಪರಾವಲಂಬಿಗಳು ಹೆಚ್ಚುಕಮ್ಮಿ ಹಾಗೇ ಇದ್ವು. ಮೂರು ಅಥವಾ ಹೆಚ್ಚು ಬೇಕಾದವು ಪ್ರತಿ ದಶಕಕ್ಕೆ ಸರಾಸರಿ 10.9% ಕಡಿಮೆಯಾಗುತ್ತಾ ಬಂದಿದ್ವು. 10.9% ಅಂದ್ರೆ ಏನ್ ಮಹಾ ಅನ್ನಿಸಬಹುದು. ಕ್ಯಾಲ್ಕುಲೇಟರ್ ತಗೊಂಡು 0.891ನ್ನ ಹತ್ತು ಸಲ ಗುಣಿಸಿ ನೋಡಿ: 0.315. ಈ ವೇಗ ನೂರು ವರ್ಷ ನಡೆದ್ರೆ ಮೂರರಲ್ಲಿ ಒಂದು ಪಾಲೂ ಉಳಿಯಲ್ಲ. 1980ರ ಹೊತ್ತಿಗೆ ಪೂರ್ತಿ ಕಾಣೆಯಾಗಿದ್ದ ಹತ್ತು ಪರಾವಲಂಬಿಗಳಲ್ಲಿ ಒಂಬತ್ತು ಈ ಮೂರು ಆತಿಥೇಯರ ಗುಂಪಿನವೇ. ಕಾರಣ ಹುಡುಕೋಕೆ ತಂಡ ಸಮುದ್ರದ ತಾಪಮಾನ, ಮಾಲಿನ್ಯ, ಮೀನುಗಳ ಸಂಖ್ಯೆ ಮೂರನ್ನೂ ಇಟ್ಟು ನೋಡಿತು. ಹೆಚ್ಚು ಹೊಂದಿಕೆಯಾಗಿದ್ದು ತಾಪಮಾನ. ನೀರಿನ ಮೇಲ್ಮೈ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದ್ರೆ ಈ ಗುಂಪು 38% ಕಡಿಮೆ.

"ಹುಳು ಕಡಿಮೆ ಆದ್ರೆ ಒಳ್ಳೇದೇ ಅಲ್ವಾ?" ಹುಳು ನಮ್ಮ ಹೊಟ್ಟೆಯಲ್ಲಿದ್ರೆ ಹೌದು. ಆದ್ರೆ ಮೂರು ಜೀವಿ ಬೇಕಾದ ಹುಳು ಒಂದು ಕಡೆ ಬದುಕಿದೆ ಅಂದ್ರೆ ಆ ಮೂರೂ ಜೀವಿಗಳು, ಅವು ಒಂದನ್ನೊಂದು ತಿನ್ನೋ ಸರಪಳಿ, ಎಲ್ಲ ಸರಿಯಾಗಿ ನಡೀತಿದೆ ಅಂತ ಅರ್ಥ. ಹುಳು ಹೋದ್ರೆ ಆ ಸರ್ಕ್ಯೂಟ್‌ನಲ್ಲಿ ಎಲ್ಲೋ ಏನೋ ಕಡಿದಿದೆ ಅಥವಾ ಹುಳುವೇ ಬಿಸಿ ತಡೆಯಲಿಲ್ಲ. ಎರಡೂ ಸುದ್ದಿ ಚೆನ್ನಾಗಿಲ್ಲ. ಇನ್ನೂ ಒಂದು ವಿಷಯ: 1880ರಲ್ಲಿ ಆ ಸಮುದ್ರದಲ್ಲಿ ಹುಳು ಎಷ್ಟಿತ್ತು ಅಂತ ಈಗ ಹೋಗಿ ಅಳೆಯೋಕೆ ಆಗಲ್ಲ. ಲ್ಯಾಬ್‌ನಲ್ಲಿ ರೀಡಿಂಗ್ ಸರಿ ಬರಲಿಲ್ಲ ಅಂದ್ರೆ ಮುಂದಿನ ವಾರ ರಿಪೀಟ್ ಲ್ಯಾಬ್ ಇರುತ್ತೆ. 1880ಕ್ಕೆ ರಿಪೀಟ್ ಲ್ಯಾಬ್ ಇಲ್ಲ.

ಪ್ಲಾಸ್ಟಿಕ್ ಕಥೆ ಇದಕ್ಕಿಂತ ಸರಳ, ಬೇಗ ಹೇಳಿ ಮುಗಿಸ್ತೀನಿ. ಶಿಕಾಗೋದ ಲೊಯೋಲಾ ಯೂನಿವರ್ಸಿಟಿಯ ಸಂಶೋಧಕರು ಅಲ್ಲಿನ ಫೀಲ್ಡ್ ಮ್ಯೂಸಿಯಂ ಮತ್ತು ಇಲಿನಾಯ್ ರಾಜ್ಯದ ಸಂಗ್ರಹದಿಂದ 1900ರಿಂದ ಈಚಿನ ಸಿಹಿನೀರಿನ ಮೀನುಗಳನ್ನ ತಗೊಂಡು, ಕರುಳನ್ನ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಕರಗಿಸಿದರು. ಮಾಂಸ ಕರಗುತ್ತೆ, ಪ್ಲಾಸ್ಟಿಕ್ ಕರಗಲ್ಲ. ಉಳಿದದ್ದನ್ನ ಸೂಕ್ಷ್ಮದರ್ಶಕದಲ್ಲಿ ನೋಡಿದ್ರೆ, ಶತಮಾನದ ಮಧ್ಯಭಾಗಕ್ಕಿಂತ ಹಳೆಯ ಮೀನುಗಳಲ್ಲಿ ಪ್ಲಾಸ್ಟಿಕ್ ಇಲ್ಲ. 1950ರ ದಶಕದಿಂದ ಏರುತ್ತಾ ಹೋಗುತ್ತೆ. ಪ್ಲಾಸ್ಟಿಕ್ ಉದ್ಯಮ ಬೆಳೆದದ್ದೂ ಆವಾಗಲೇ. ಸಿಕ್ಕಿದ್ದರಲ್ಲಿ ಹೆಚ್ಚಿನವು ಎಳೆಗಳು, ಅಂದ್ರೆ ನಾವು ಹಾಕೋ ಪಾಲಿಯೆಸ್ಟರ್ ಥರದ ಬಟ್ಟೆ ಒಗೆದಾಗ ಹೋಗೋ ದಾರದ ಚೂರುಗಳಂಥವು. ಈ ಕೆಲಸ ಪ್ರಕಟವಾಗಿದ್ದು 2021ರಲ್ಲಿ. 1900ರಲ್ಲಿ ಆ ಮೀನು ಹಿಡಿದವನಿಗೆ ಪ್ಲಾಸ್ಟಿಕ್ ಎಳೆ ಅಂತ ಒಂದು ವಸ್ತು ಬರುತ್ತೆ ಅಂತ ಊಹೆ ಕೂಡ ಇರೋಕೆ ಸಾಧ್ಯ ಇರಲಿಲ್ಲ.

ಹಳೇ ಮೀನು ಯಾವಾಗ್ಲೂ "ಹಿಂದೆ ಎಲ್ಲ ಚೆನ್ನಾಗಿತ್ತು" ಅಂತಲೇ ಹೇಳುತ್ತೆ ಅಂದ್ಕೋಬೇಡಿ. 1970ರ ಕೊನೆಯಲ್ಲಿ ಅಮೆರಿಕದಲ್ಲಿ ಡಬ್ಬಿಗಳಲ್ಲಿ ಮಾರೋ ಟ್ಯೂನಾ ಮೀನಿನಲ್ಲಿ ಪಾದರಸ ಇದೆ ಅಂತ ದೊಡ್ಡ ಗಲಾಟೆ ಆಯ್ತು. ಜಪಾನಿನ ಮಿನಮಾಟದಲ್ಲಿ ಕಾರ್ಖಾನೆಯ ಪಾದರಸದಿಂದ ಜನ ಸತ್ತ ನೆನಪು ಇನ್ನೂ ಹಸಿಯಾಗಿತ್ತು. ಸಹಜವಾಗಿ ಎಲ್ಲರ ಅನುಮಾನ ಕೈಗಾರಿಕೆಗಳ ಮೇಲೆ ಹೋಯ್ತು. ಆಗ ಕ್ಯಾಲಿಫೋರ್ನಿಯಾದ ಒಂದು ತಂಡ ಮ್ಯೂಸಿಯಂನಲ್ಲಿದ್ದ ಏಳು ಟ್ಯೂನಾ ಮತ್ತು ಒಂದು ಸ್ವೋರ್ಡ್‌ಫಿಶ್‌ನ ಮಾಂಸದಲ್ಲಿ ಪಾದರಸ ಅಳೆಯಿತು. ಟ್ಯೂನಾಗಳನ್ನ ಹಿಡಿದದ್ದು 1878ರಿಂದ 1909ರ ನಡುವೆ, ಸ್ವೋರ್ಡ್‌ಫಿಶ್ 1946ರದ್ದು. 1972ರಲ್ಲಿ ಬಂದ ಉತ್ತರ: ಹಳೇ ಮೀನಿನಲ್ಲೂ ಇವತ್ತಿನಷ್ಟೇ ಪಾದರಸ ಇದೆ. ಟ್ಯೂನಾ ಥರದ ದೊಡ್ಡ ಬೇಟೆಗಾರ ಮೀನುಗಳು ಸಮುದ್ರದ ಪಾದರಸವನ್ನ ಮೊದಲಿಂದಲೂ ಮೈಯಲ್ಲಿ ಸೇರಿಸ್ಕೊಳ್ತಾ ಬಂದಿವೆ. ಆ ತಂಡದಲ್ಲಿ ಇದ್ದವರೊಬ್ಬರು ಎಫ್. ಶೆರ್ವುಡ್ ರೋಲ್ಯಾಂಡ್. ಫ್ರಿಜ್ ಗ್ಯಾಸ್‌ನಿಂದ ಓಝೋನ್ ಪದರ ಹಾಳಾಗುತ್ತೆ ಅಂತ ಎರಡೇ ವರ್ಷದ ನಂತರ ತೋರಿಸಿ, 1995ರಲ್ಲಿ ನೊಬೆಲ್ ಪಡೆದದ್ದು ಇವರೇ. ಕೈಗಾರಿಕೆಯ ಪರ ಇದ್ದವರು ಅಂತ ಯಾರೂ ಹೇಳೋ ಹಾಗಿಲ್ಲ.

ಆದ್ರೂ ಎಂಟು ಮೀನು ಅಂದ್ರೆ ಎಂಟೇ ಮೀನು. ಆಲ್ಕೋಹಾಲ್‌ನಲ್ಲಿ ಮೀನಿನ ತೂಕ ಕಡಿಮೆಯಾಗುತ್ತೆ, ಹಾಗಾದ್ರೆ ಗ್ರಾಂಗೆ ಎಷ್ಟು ಪಾದರಸ ಅನ್ನೋ ಲೆಕ್ಕವೂ ಬದಲಾಗುತ್ತೆ. ಇಷ್ಟು ಚಿಕ್ಕ ಸ್ಯಾಂಪಲ್‌ನಿಂದ ಇಡೀ ಸಮುದ್ರದ ಬಗ್ಗೆ ತೀರ್ಪು ಕೊಡೋಕೆ ನಾನಾದ್ರೆ ಹಿಂಜರಿತಿದ್ದೆ. "ಒಂದೇ ಥರದ ಮೀನು ಇಷ್ಟೊಂದು ಯಾಕೆ?" ಅಂತ ಶುರುವಲ್ಲಿ ಕೇಳಿದ್ವಲ್ಲ, ಉತ್ತರ ಇದೇ. ಎಂಟು ಇದ್ರೆ ವಾದ ನಡೆಯುತ್ತೆ, 699 ಇದ್ರೆ ಗ್ರಾಫ್ ಬರುತ್ತೆ.

ಇಷ್ಟೂ ಜಾಡಿ ಇದ್ದ ಕಥೆಗಳು. ಜಾಡಿ ಇಲ್ಲದಿದ್ರೆ ಏನಾಗುತ್ತೆ ಅನ್ನೋದಕ್ಕೆ ಉದಾಹರಣೆ ನಮ್ಮ ಕಾವೇರಿಯಲ್ಲೇ ಇದೆ. ಕಾವೇರಿಯ ಡುಬ್ಬದ ಮಾಶೀರ್, ಕಿತ್ತಳೆ ಬಣ್ಣದ ರೆಕ್ಕೆ, ಬೆನ್ನ ಮೇಲೆ ಗೂನು. ಬ್ರಿಟಿಷರ ಕಾಲದಿಂದ ಗಾಳ ಹಾಕೋರ ಲೋಕದಲ್ಲಿ ಇದು ದೊಡ್ಡ ಹೆಸರು. 1946ರಲ್ಲಿ ಮೈಸೂರಿನ ಪ್ರಸಿದ್ಧ ವ್ಯಾನ್ ಇಂಗನ್ ಕುಟುಂಬದವರೊಬ್ಬರು ಕಬಿನಿಯಲ್ಲಿ 120 ಪೌಂಡ್, ಅಂದ್ರೆ ಸುಮಾರು 54 ಕಿಲೋ ತೂಕದ ಮಾಶೀರ್ ಹಿಡಿದಿದ್ದರು. ಇಷ್ಟು ಪ್ರಸಿದ್ಧ ಮೀನಿಗೆ 2018ರವರೆಗೆ ಸರಿಯಾದ ವೈಜ್ಞಾನಿಕ ಹೆಸರೇ ಇತ್ಯರ್ಥ ಆಗಿರಲಿಲ್ಲ.

ಯಾಕೆ ಅಂತ ಅರ್ಥ ಮಾಡ್ಕೊಳ್ಳೋಕೆ ಕಿಲೋಗ್ರಾಂ ನೆನಪಿಸ್ಕೊಳ್ಳಿ. 2019ರವರೆಗೆ ಒಂದು ಕಿಲೋ ಅಂದ್ರೆ ಪ್ಯಾರಿಸ್ ಹತ್ತಿರ ಇಟ್ಟಿದ್ದ ಒಂದು ಲೋಹದ ತುಂಡಿನ ತೂಕ ಅಷ್ಟೇ. ಈಗ ಪ್ಲಾಂಕ್ ಸ್ಥಿರಾಂಕದಿಂದ ವ್ಯಾಖ್ಯಾನ ಮಾಡ್ತಾರೆ, ತುಂಡು ರಿಟೈರ್ ಆಗಿದೆ. ಜೀವಶಾಸ್ತ್ರ ಮಾತ್ರ ಇನ್ನೂ ಹಳೇ ಪದ್ಧತಿಯಲ್ಲೇ ಇದೆ. ಒಂದು ಜಾತಿಗೆ ಹೆಸರಿಡುವಾಗ ಒಂದು ಮೀನನ್ನ "ಈ ಹೆಸರು ಅಂದ್ರೆ ಇದು" ಅಂತ ಸಂಗ್ರಹದಲ್ಲಿ ಇಡಬೇಕು. ಅದಕ್ಕೆ ಟೈಪ್ ಮಾದರಿ ಅಂತಾರೆ. ಮುಂದೆ ಅನುಮಾನ ಬಂದ್ರೆ ಆ ಜಾಡಿಯ ಮುಂದೆ ಹೋಗಿ ಹೋಲಿಸಬೇಕು. ಡುಬ್ಬದ ಮಾಶೀರ್ ವಿಷಯದಲ್ಲಿ ಫೋಟೋ ಇತ್ತು, ಬೇಟೆಯ ಕಥೆ ಇತ್ತು, ಹೋಲಿಸಿ ನೋಡೋ ಹಾಗೆ ಹೆಸರಿನ ಜೊತೆ ಕಟ್ಟಿದ ಮೀನು ಇರಲಿಲ್ಲ. ಬೇರೆ ಮೀನಿಗೆ ಇಟ್ಟ ಹೆಸರುಗಳನ್ನ ಇದಕ್ಕೆ ಅಂಟಿಸ್ತಾ ಕಾಲ ಹೋಯ್ತು.

ಈ ಮಧ್ಯೆ ಮಾಶೀರ್ ಉಳಿಸಬೇಕು ಅನ್ನೋ ಒಳ್ಳೇ ಉದ್ದೇಶದಿಂದಲೇ ಮಹಾರಾಷ್ಟ್ರದ ಲೋನಾವಳದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಾಶೀರ್ ಮರಿಗಳನ್ನ ಕಾವೇರಿಗೆ ಬಿಟ್ಟರು. ಅದು ಬೇರೆ ಜಾತಿ. ಗಾಳಿಬೋರೆ ಕ್ಯಾಂಪ್‌ನಲ್ಲಿ ಗಾಳ ಹಾಕಿ, ತೂಕ ನೋಡಿ, ವಾಪಸ್ ನದಿಗೆ ಬಿಡ್ತಿದ್ದವರು 1998ರಿಂದ 2012ರವರೆಗೆ ದಾಖಲೆ ಬರೆದಿಟ್ಟಿದ್ದರು. ಅದನ್ನ ವಿಶ್ಲೇಷಿಸಿದಾಗ ನೀಲಿ ರೆಕ್ಕೆಯದು ಏರಿ, ಡುಬ್ಬದ್ದು ಇಳಿದು ಹೋಗಿದ್ದು ಕಾಣಿಸ್ತು. ಕೊನೆಗೆ 2018ರಲ್ಲಿ ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮುಂತಾದವರು ಮೋಯಾರ್ ನದಿಯಲ್ಲಿ ಉಳಿದಿದ್ದ ಮೀನುಗಳ ದೇಹರಚನೆ ಮತ್ತು ಡಿಎನ್‌ಎ ಎರಡನ್ನೂ ನೋಡಿ, ಇದು ಕಾವೇರಿಯದೇ ಉಪನದಿ ಪಾಂಬಾರ್‌ನಿಂದ 2007ರಲ್ಲಿ ಹೆಸರಿಸಲಾಗಿದ್ದ ಟಾರ್ ರೆಮಾದೇವಿ ಅಂತ ಖಚಿತಪಡಿಸಿದರು. ಹೆಸರು ಸಿಕ್ಕ ವರ್ಷವೇ ಅದು ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಅಳಿವಿಗೆ ಅತಿ ಹತ್ತಿರದ ವರ್ಗಕ್ಕೆ ಸೇರಿತು. ಹೆಸರು ಇತ್ಯರ್ಥವಾಗದ ಮೀನನ್ನ ಪಟ್ಟಿಗೆ ಸೇರಿಸೋದು ಹೇಗೆ?

ಈಗ ದುಡ್ಡಿನ ವಿಷಯ. 2017ರಲ್ಲಿ ಅಮೆರಿಕದ ಯೂನಿವರ್ಸಿಟಿ ಆಫ್ ಲೂಯಿಸಿಯಾನ ಅಟ್ ಮನ್ರೋದಲ್ಲಿ ಸುಮಾರು 60 ಲಕ್ಷ ಮೀನು, ಐದು ಲಕ್ಷದ ಹತ್ತಿರ ಒಣಗಿಸಿದ ಗಿಡಗಳ ಸಂಗ್ರಹ ಕ್ರೀಡಾಂಗಣದ ಕಟ್ಟಡವೊಂದರಲ್ಲಿ ಇತ್ತು. ಓಟದ ಟ್ರ್ಯಾಕ್ ವಿಸ್ತರಣೆಗೆ ಆ ಜಾಗ ಬೇಕಾಯ್ತು. ಕೆಲವೇ ತಿಂಗಳಲ್ಲಿ ಬೇರೆ ಸಂಸ್ಥೆ ತಗೊಂಡ್ರೆ ಸರಿ, ಇಲ್ಲಾಂದ್ರೆ ನಾಶ ಅನ್ನೋ ಮಾತು ಹೊರಗೆ ಬಂತು. ದೇಶದ ತುಂಬಾ ಜೀವವಿಜ್ಞಾನಿಗಳು ಕೂಗು ಹಾಕಿದ ಮೇಲೆ ಬೇರೆ ಸಂಸ್ಥೆಗಳು ಮುಂದೆ ಬಂದ್ವು. ಅದೇ ರಾಜ್ಯದ ಇನ್ನೊಂದು ಯೂನಿವರ್ಸಿಟಿ, ಟುಲೇನ್, 70 ಲಕ್ಷಕ್ಕೂ ಹೆಚ್ಚು ಮೀನನ್ನ ಎರಡನೇ ಮಹಾಯುದ್ಧ ಕಾಲದ ಮದ್ದುಗುಂಡು ಬಂಕರ್‌ಗಳಲ್ಲಿ ಇಟ್ಟುಕೊಂಡಿದೆ. ಲಕ್ಷಾಂತರ ಲೀಟರ್ ಅಲ್ಲದಿದ್ರೂ ಬೇಕಾದಷ್ಟು ಆಲ್ಕೋಹಾಲ್ ಇರೋ ಜಾಗಕ್ಕೆ ಬೆಂಕಿಯ ದೃಷ್ಟಿಯಿಂದ ಬಂಕರ್ ಸರಿಯಾದ ಆಯ್ಕೆಯೇ ಅನ್ನಿಸುತ್ತೆ. ಟ್ರ್ಯಾಕ್ ಬೇಡ ಅಂತ ನಾನು ಹೇಳ್ತಿಲ್ಲ, ನಮ್ಮ ಅಥ್ಲೆಟಿಕ್ಸ್ ಟೀಮ್‌ನವರು ಹೊಡೀತಾರೆ. ಆದ್ರೆ ಟ್ರ್ಯಾಕ್ ಮುಂದಿನ ವರ್ಷವೂ ಕಟ್ಟಬಹುದು.

"ಎಲ್ಲ ಸ್ಕ್ಯಾನ್ ಮಾಡಿ ಕ್ಲೌಡ್‌ಗೆ ಹಾಕಿದ್ರೆ ಆಯ್ತಲ್ಲ" ಅಂತ ನಮ್ಮ ಕಂಪ್ಯೂಟರ್ ಸೈನ್ಸ್ ಗೆಳೆಯರು ಹೇಳ್ತಾರೆ ಅಂತ ಗೊತ್ತು. ಮಾಡ್ತಿದ್ದಾರೆ. ಯೂನಿವರ್ಸಿಟಿ ಆಫ್ ವಾಷಿಂಗ್ಟನ್‌ನ ಆಡಮ್ ಸಮ್ಮರ್ಸ್ ಜಗತ್ತಿನ ಎಲ್ಲ ಮೀನು ಜಾತಿಗಳನ್ನೂ ಸಿಟಿ ಸ್ಕ್ಯಾನ್ ಮಾಡೋ ಪಣ ತೊಟ್ಟವರು. "ಫೈಂಡಿಂಗ್ ನೀಮೋ" ಸಿನಿಮಾಗೆ ಮೀನಿನ ಸಲಹೆಗಾರರಾಗಿದ್ದವರೂ ಅವರೇ. ಒಂದೊಂದೇ ಮೀನು ಸ್ಕ್ಯಾನ್ ಮಾಡಿದ್ರೆ ಮುಗಿಯಲ್ಲ ಅಂತ ಹಲವು ಮೀನುಗಳನ್ನ ಒಟ್ಟಿಗೆ ಬಟ್ಟೆಯಲ್ಲಿ ಸುತ್ತಿ ಒಂದೇ ಸಲ ಸ್ಕ್ಯಾನ್ ಮಾಡಿ, ಆಮೇಲೆ ಸಾಫ್ಟ್‌ವೇರ್‌ನಲ್ಲಿ ಬೇರೆ ಮಾಡ್ತಾರೆ. 2017ರಿಂದ 2023ರವರೆಗೆ ನಡೆದ ಓವರ್ಟ್ ಅನ್ನೋ ದೊಡ್ಡ ಯೋಜನೆಯಲ್ಲಿ ಮೀನು, ಕಪ್ಪೆ, ಹಾವು ಎಲ್ಲ ಸೇರಿ 13,000ಕ್ಕೂ ಹೆಚ್ಚು ಮಾದರಿಗಳ ಸ್ಕ್ಯಾನ್ ಆಗಿದೆ. ಫೈಲ್ ಡೌನ್‌ಲೋಡ್ ಮಾಡಿ ತ್ರೀಡಿ ಪ್ರಿಂಟ್ ತೆಗೀಬಹುದು. ಮೆಕ್ಯಾನಿಕಲ್‌ನವರು ಮೀನಿನ ದವಡೆಯ ಲಿಂಕೇಜ್ ಒಮ್ಮೆ ನೋಡಿ, ಫೋರ್-ಬಾರ್ ಮೆಕ್ಯಾನಿಸಂ ಪಾಠ ಬೇರೆ ಥರ ಕಾಣುತ್ತೆ.

ಆದ್ರೆ ಸ್ಕ್ಯಾನ್ ಅಂದ್ರೆ ಇವತ್ತಿನ ಪ್ರಶ್ನೆಗೆ ಇವತ್ತಿನ ಯಂತ್ರ ಕೊಟ್ಟ ಉತ್ತರ. ಮೂಳೆ ಕಾಣುತ್ತೆ. ಪಾದರಸ ಕಾಣಲ್ಲ, ಪ್ಲಾಸ್ಟಿಕ್ ಎಳೆ ಕಾಣಲ್ಲ, ಹುಳುವಿನ ಜಾತಿ ಕಾಣಲ್ಲ. ಅದಕ್ಕೆ ಸ್ಕ್ಯಾನ್ ಆದ ಮೀನನ್ನೂ ವಾಪಸ್ ಜಾಡಿಗೆ ಹಾಕ್ತಾರೆ. ಹೊಸದಾಗಿ ಹಿಡಿದ ಮೀನುಗಳಿಗೆ ಈಗ ಇನ್ನೊಂದು ಕೆಲಸ ಸೇರಿದೆ: ಫಾರ್ಮಾಲಿನ್ ಡಿಎನ್‌ಎ ಹಾಳುಮಾಡುತ್ತೆ ಅಂತ ಗೊತ್ತಾಗಿರೋದ್ರಿಂದ, ಮೊದಲೇ ಒಂದು ಚೂರು ಮಾಂಸ ಅಥವಾ ರೆಕ್ಕೆ ಕತ್ತರಿಸಿ ಬೇರೆ ಟ್ಯೂಬ್‌ನಲ್ಲಿ 95% ಎಥನಾಲ್‌ಗೆ ಹಾಕಿ ಅಥವಾ ಮೈನಸ್ 80 ಡಿಗ್ರಿ ಫ್ರೀಜರ್‌ನಲ್ಲಿ ಇಡ್ತಾರೆ. ಉಳಿದ ಕೆಲಸ ಹಳೆಯದೇ. ಮುಚ್ಚಳ ಎಷ್ಟೇ ಬಿಗಿ ಇದ್ರೂ ಆಲ್ಕೋಹಾಲ್ ಆರುತ್ತೆ. ಯಾರೋ ಒಬ್ಬರು ರ‍್ಯಾಕ್‌ನಿಂದ ರ‍್ಯಾಕ್‌ಗೆ ಹೋಗಿ, ಮಟ್ಟ ಇಳಿದ ಜಾಡಿ ಹುಡುಕಿ, ತುಂಬಿಸಿ, ಚೀಟಿ ಇನ್ನೂ ಓದೋ ಹಾಗಿದೆಯಾ ಅಂತ ನೋಡಿ, ಮುಂದಿನ ಜಾಡಿಗೆ ಹೋಗ್ತಾರೆ.